ಹೊಟ್ಟೆ ಮುಟ್ಟದ ಡಾಕ್ಟರು

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಎದುರು ಅವರ ಫ್ಲೆಕ್ಸು ಇನ್ನೂ ನೇತಾಡುತ್ತಿದೆ. ಬಿಳಿ ಕೋಟು, ಹಣೆಯಲ್ಲಿ ಕುಂಕುಮ, ಕೊರಳಲ್ಲಿ ಸ್ಟೆತಸ್ಕೋಪು, ಕೆಳಗೆ ದಪ್ಪಕ್ಷರದಲ್ಲಿ 'ಕೈಗುಣದ ಧನ್ವಂತರಿಗೆ ಕಣ್ಣೀರಿನ ವಿದಾಯ'. ಅವರ ನರ್ಸಿಂಗ್ ಹೋಮಿನಲ್ಲಿ ಕಿರಿಯ ಡಾಕ್ಟರಾಗಿ ಸುಮಾರು ಎರಡು ವರ್ಷ ದುಡಿದವಳು ನಾನು. ಆ ಸ್ಟೆತಸ್ಕೋಪು ಕಿವಿಗೆ ಹೋದದ್ದನ್ನು ಕಂಡವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಬೇಕು. ಕೈಗುಣದ ಮಾತಂತೂ ಬೇಡವೇ ಬೇಡ. ಹೊಟ್ಟೆನೋವು ಅಂತ ಬಂದ ಒಬ್ಬರೇ ಒಬ್ಬರ ಹೊಟ್ಟೆಯ ಮೇಲೆ ಆ ಕೈ ಬಿದ್ದದ್ದನ್ನು ನಾನು ಕಾಣೆ.

ಅವರು ತೀರಿಕೊಂಡ ವಾರದೊಳಗೆ ಅವರ ಮಗ ಫೋನು ಮಾಡಿದ. ಸ್ಮರಣ ಸಂಚಿಕೆ ತರುತ್ತಾರಂತೆ. "ಮೇಡಂ, ಅಪ್ಪಾಜಿ ಬಗ್ಗೆ ನಾಲ್ಕು ಒಳ್ಳೆ ಮಾತು ಬರ್ಕೊಡಿ. ನೀವು ಅವರ ಗರಡೀಲೇ ಪಳಗಿದೋರು" ಅಂದ. ಪಳಗಿದ್ದು ನಿಜ. ರೋಗಿಯನ್ನು ಹೇಗೆ ನೋಡಬಾರದು ಅನ್ನುವುದನ್ನು ಅವರಷ್ಟು ಚೆನ್ನಾಗಿ ಕಲಿಸಿದ ಗುರು ನನಗೆ ಇನ್ನೊಬ್ಬರು ಸಿಕ್ಕಿಲ್ಲ. ಒಂದು ಸಂಜೆ ಕೂತು ನಾಲ್ಕು ಒಳ್ಳೆಯ ಮಾತು ಹುಡುಕಿದೆ. ಸಿಕ್ಕಿದ್ದು ಒಂದೂವರೆ. ಅವರು ಯಾರ ಮೇಲೂ ರೇಗುತ್ತಿರಲಿಲ್ಲ ಎಂಬುದು ಒಂದು. ಅವರ ಶರ್ಟಿನ ಇಸ್ತ್ರಿ ಸಂಜೆಯವರೆಗೂ ಕೆಡುತ್ತಿರಲಿಲ್ಲ ಎಂಬುದು ಅರ್ಧ. ಬಗ್ಗಿ ಯಾರನ್ನಾದರೂ ಮುಟ್ಟಿದರೆ ತಾನೇ ಇಸ್ತ್ರಿ ಕೆಡುವುದು? ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಅವರ ಮಗ ಅಚ್ಚು ಹಾಕಿಸುವುದಿಲ್ಲ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ.

ನಾನು ಚನ್ನರಾಯಪಟ್ಟಣದವಳು. ಎಂ.ಬಿ.ಬಿ.ಎಸ್. ಮುಗಿಸಿ ಹೊಸದಾಗಿ ಬಂದವಳಿಗೆ ಅವರ ಹೆಸರೇ ದೊಡ್ಡದಾಗಿ ಕಂಡಿತ್ತು. ಅರಕಲಗೂಡಿನಿಂದ, ಹಾಸನದಿಂದ, ನಮ್ಮ ಚನ್ನರಾಯಪಟ್ಟಣದಿಂದಲೂ ಜನ ಬಸ್ಸು ಹತ್ತಿ ಬರುತ್ತಿದ್ದರು. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಜಗಲಿ ತುಂಬಿ ರಸ್ತೆಯವರೆಗೂ ಜನ. ಕಾಲೇಜಿನಲ್ಲಿ ನಮಗೆ ಹೊಟ್ಟೆ ನೋಡುವುದನ್ನು ಕಲಿಸಿದ ಮೇಡಂ ಒಬ್ಬರಿದ್ದರು. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೋ, ನೋವಿರುವ ಜಾಗವನ್ನು ಕೊನೆಗೆ ಮುಟ್ಟು, ಕೈ ಹೊಟ್ಟೆಯ ಮೇಲಿರಲಿ, ಕಣ್ಣು ಮಾತ್ರ ರೋಗಿಯ ಮುಖದ ಮೇಲಿರಲಿ ಅನ್ನುತ್ತಿದ್ದರು. ಬಾಯಿ ಸುಳ್ಳು ಹೇಳಿದರೂ ಹುಬ್ಬು ಸುಳ್ಳು ಹೇಳುವುದಿಲ್ಲ ಎಂಬುದು ಅವರ ಮಾತು. ಅಷ್ಟು ಹೆಸರು ಮಾಡಿದ ಡಾಕ್ಟರ ಕೈ ಇನ್ನೆಷ್ಟು ಪಳಗಿರಬೇಡ ಅಂತ ನಾನು ಮೊದಲ ದಿನ ಅವರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ.

ಮೊದಲು ಬಂದವನು ಹೊಟ್ಟೆ ಹಿಡಿದುಕೊಂಡೇ ಬಂದ. ಇವರು ಅವನ ಮುಖವನ್ನೂ ನೋಡಲಿಲ್ಲ.

"ರಾತ್ರಿ ಏನುಂಡೆ?"

"ಅವರೆಕಾಳ್ ಸಾರು ಮುದ್ದೆ ಸಾ."

"ಅದೇ. ಗ್ಯಾಸು."

ಎರಡನೆಯವಳು ಆಲೂಗೆಡ್ಡೆ ಪಲ್ಯ ಅಂದಳು. ಗ್ಯಾಸು. ಮೂರನೆಯವನು ಬೀಗರೂಟಕ್ಕೆ ಹೋಗಿದ್ದನಂತೆ. ಗ್ಯಾಸು, ಅದರ ಜೊತೆಗೆ ಒಂದು ನಗು. ನಾಲ್ಕನೆಯ ಮುದುಕ ಮಾತ್ರ, "ಏನೂ ಉಂಡಿಲ್ಲ ಸಾ, ಸೇರಾಕಿಲ್ಲ, ಎಲ್ಡು ತಿಂಗ್ಳಿಂದ ಅನ್ನ ಕಂಡ್ರೆ ಆಯ್ತಿಲ್ಲ" ಅಂದ. ಈಗ ಸಿಕ್ಕಿಬಿದ್ದರು ಅಂದುಕೊಂಡೆ. ಅವರು ಪೆನ್ನಿನ ತುದಿಯನ್ನು ಮೇಜಿನ ಆಚೆಯಿಂದಲೇ ಮುದುಕನ ಹೊಟ್ಟೆಯ ಕಡೆ ತೋರಿಸಿ, "ಖಾಲಿ ಹೊಟ್ಟೆ ಬಿಟ್ಕೊಂಡಿದ್ದೀಯಲ್ಲ, ಅದಕ್ಕೇ ಗ್ಯಾಸು ತುಂಬೈತೆ" ಅಂದರು. ಮುದುಕ ಕೈ ಮುಗಿದು ಎದ್ದ. ಎರಡು ತಿಂಗಳಿಂದ ಊಟ ಸೇರದ ಮುದುಕನ ತೂಕ ಎಷ್ಟು ಇಳಿದಿದೆ, ಕಣ್ಣು ಹಳದಿಯಾಗಿದೆಯೇ, ನುಂಗುವಾಗ ಸಿಕ್ಕಿಕೊಳ್ಳುತ್ತದೆಯೇ ಅಂತ ಯಾರೂ ಕೇಳಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಐದನೆಯವರು ಕೂತಾಗಿತ್ತು.

ಅವರ ಗ್ಯಾಸಿಗೆ ನಮ್ಮ ಕೆಂಪು ಬಸ್ಸಿಗಿಂತ ಹೆಚ್ಚಿನ ಮಾರ್ಗಗಳಿದ್ದವು. ಎದೆ ಉರಿದರೆ ಗ್ಯಾಸು ಎದೆಗೆ ಏರಿದೆ. ತಲೆ ನೋವಾದರೆ ತಲೆಗೆ ಏರಿದೆ. ಬೆನ್ನು ಹಿಡಿದರೆ ಬೆನ್ನಿಗೆ ಇಳಿದಿದೆ. ಒಬ್ಬಾಕೆ ಕಾಲು ಜೋಮು ಅಂತ ಬಂದರೆ, ಅಲ್ಲಿಯವರೆಗೂ ಹೋಗಿಬಿಟ್ಟಿದೆ ಅಂದರು. ವಾಯು, ಅಜೀರ್ಣ, ಗ್ಯಾಸ್ಟ್ರಿಕ್ಕು ಅಂತ ಬೇರೆ ಬೇರೆ ಹೆಸರು ಹೇಳಿದ ದಿನವೂ ಉಂಟು. ಅಳಿಯ ಅಲ್ಲ, ಮಗಳ ಗಂಡ. ಕೊಡುತ್ತಿದ್ದದ್ದು ಅದೇ ಒಂದು ಇಂಜೆಕ್ಷನ್ನು, ಅದೇ ಒಂದು ಗುಲಾಬಿ ಬಣ್ಣದ ನೀರು. ಮಂಡಿನೋವಿದ್ದರೆ ಜೊತೆಗೆ ನೋವಿನ ಮಾತ್ರೆ.

ಜನರನ್ನೂ ನಾನು ಬಿಡುವುದಿಲ್ಲ. ಅವರಿಗೆ ಬೇಕಾಗಿದ್ದದ್ದೂ ಅದೇ. ಹೊಟ್ಟೆನೋವು ಅಂದಕೂಡಲೇ ಹತ್ತು ಪ್ರಶ್ನೆ ಕೇಳುವವಳು ಏನೂ ಗೊತ್ತಿಲ್ಲದವಳು. ಮಾತು ಮುಗಿಯುವ ಮೊದಲೇ ಕಾಯಿಲೆ ಹೇಳಿದವರು ದೇವರು. ನಾನು ಒಬ್ಬ ಹೆಂಗಸನ್ನು, ನೋವು ಎಲ್ಲಿ ಶುರುವಾಗಿ ಎಲ್ಲಿಗೆ ಹೋಗುತ್ತದೆ, ಉಂಡ ಮೇಲೆ ಹೆಚ್ಚೋ ಕಡಿಮೆಯೋ, ನಿದ್ದೆಯಿಂದ ಎಬ್ಬಿಸುತ್ತದೆಯೋ ಅಂತ ಕೇಳುತ್ತಿದ್ದರೆ ಅವಳು ಪಕ್ಕದವಳಿಗೆ ಹೇಳಿದ್ದು ನನ್ನ ಕಿವಿಗೇ ಬಿತ್ತು: "ಈವಮ್ಮಂಗೆ ಗೊತ್ತಾಯ್ತಿಲ್ಲ ಕಣೆ, ಅದ್ಕೇ ನನ್ನೇ ಕೇಳ್ತಾವ್ಳೆ." ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ತಕ್ಕ ಡಾಕ್ಟರು ಸಿಕ್ಕಿದ್ದರು. ಹೀಗೆ ಬರೆಯುವಾಗ ನನಗೆ ಸಂಕಟವೇನೂ ಆಗುತ್ತಿಲ್ಲ. ಸಿಟ್ಟು ಮಾತ್ರ ಇವತ್ತಿಗೂ ಹಾಗೇ ಇದೆ.

ಅವರ ಕೋಣೆಯಲ್ಲಿ ರೋಗಿಯನ್ನು ಮಲಗಿಸಿ ನೋಡುವ ಮಂಚ ಒಂದಿತ್ತು. ಇತ್ತು ಅನ್ನುವುದಷ್ಟೇ. ಅದರ ಮೇಲೆ ಔಷಧ ಕಂಪನಿಯವರು ಕೊಟ್ಟ ಸ್ಯಾಂಪಲ್ ಡಬ್ಬಗಳು, ಸುತ್ತಿಟ್ಟ ಕ್ಯಾಲೆಂಡರುಗಳು, ಜನ ಭಕ್ತಿಯಿಂದ ತಂದುಕೊಟ್ಟ ಬಾಳೆಗೊನೆ, ಸಿಹಿಗುಂಬಳ, ಕಾಲ ಬಂದಾಗ ಒಂದು ಹಲಸಿನಹಣ್ಣು. ಒಂದು ದಿನ ಅವರು ಅರಕಲಗೂಡಿಗೆ ಹೋಗಿದ್ದಾಗ ನಾನು ಅದನ್ನೆಲ್ಲ ಕೆಳಗಿಳಿಸಿ, ಬಟ್ಟೆ ಹಾಸಿ, ಬಲಗಡೆ ಕೆಳಹೊಟ್ಟೆ ನೋವು ಅಂತ ಬಂದಿದ್ದ ಒಬ್ಬನನ್ನು ಮಲಗಿಸಿದೆ. ಅಷ್ಟಕ್ಕೇ ಹೊರಗಿದ್ದ ಅವನ ತಾಯಿ ಎದೆ ಬಡಿದುಕೊಂಡು ಒಳಗೆ ನುಗ್ಗಿದಳು. "ಅಯ್ಯೋ, ಮನಗಿಸ್ಬುಟ್ರಲ್ಲಪ್ಪೋ, ನನ್ ಮಗಂಗೆ ದೊಡ್ಡದೇ ಬಂದ್ಬುಟ್ಟದೆ!" ಆ ಆಸ್ಪತ್ರೆಯಲ್ಲಿ ಮಂಚದ ಮೇಲೆ ಮಲಗಿಸಿದರೆ ಹೆಣವಾಗುವ ಹೊತ್ತು ಬಂತು ಅಂತಲೇ ಊರಿಗೆ ನಂಬಿಕೆ. ಹೊಟ್ಟೆ ಮುಟ್ಟಿ ನೋಡುವುದು ಡಾಕ್ಟರ ಮೊದಲ ಕೆಲಸ ಅಂತ ಅವಳಿಗೆ ಯಾರೂ ತೋರಿಸಿರಲಿಲ್ಲ. ಮಾರನೆಯ ದಿನ ಹಲಸಿನಹಣ್ಣು ತನ್ನ ಜಾಗಕ್ಕೆ ವಾಪಸು ಬಂದಿತ್ತು. "ಮಂಚ ಖಾಲಿ ಮಾಡಿ ಜನಾನ ಹೆದರಿಸ್ಬೇಡಿ ಕಣಮ್ಮ" ಅಂದರು, ನಗುನಗುತ್ತಲೇ.

ಅವರಿಗೆ ತಿಳಿವಳಿಕೆ ಇರಲಿಲ್ಲ ಅಂತ ಅಂದುಕೊಂಡರೆ ತಪ್ಪು. ಹಾಗಿದ್ದಿದ್ದರೆ ನಾನು ಇಷ್ಟು ಬರೆಯುತ್ತಲೇ ಇರಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ಸಲ ಅವರಿಗೇ ಹುಳಿತೇಗು ಹತ್ತಿತು. ಎರಡು ದಿನ ಆಗಿರಬೇಕು. ಮೂರನೆಯ ದಿನ ಕಾರು ಹತ್ತಿ ಬೆಂಗಳೂರಿಗೆ ಹೋಗಿ, ಬಾಯಿಂದ ಕೊಳವೆ ಬಿಡಿಸಿಕೊಂಡು, ಒಳಗೆಲ್ಲ ನೋಡಿಸಿಕೊಂಡು, ಹೊಟ್ಟೆ ಸ್ಕ್ಯಾನೂ ಮಾಡಿಸಿಕೊಂಡು ಬಂದರು. ಬಂದವರು ಆ ಡಾಕ್ಟರು ಎಷ್ಟು ಹೊತ್ತು ಹೊಟ್ಟೆ ಒತ್ತಿ ನೋಡಿದರು, ಎಷ್ಟು ವಿವರವಾಗಿ ಕೇಳಿದರು ಅಂತ ಹೊಗಳಿದ್ದೇ ಹೊಗಳಿದ್ದು. ನನಗೆ ತಡೆಯಲಾಗಲಿಲ್ಲ.

"ಗ್ಯಾಸು ಇರಬಹುದಲ್ವಾ ಸಾರ್?" ಅಂದೆ.

ಅವರ ನಗು ಆವತ್ತು ಮಾತ್ರ ನಿಂತಿತು. "ತಮಾಷೆ ಮಾಡ್ಬೇಡಿ. ಹೊಟ್ಟೆ ವಿಷಯ" ಅಂದರು.

ಆ ಕ್ಷಣದಿಂದ ನಾನು ಅವರನ್ನು ಗೌರವಿಸುವುದನ್ನು ಬಿಟ್ಟೆ. ಗೊತ್ತಿಲ್ಲದೆ ಕೆಟ್ಟ ಕೆಲಸ ಮಾಡುವವನನ್ನು ಸಹಿಸಬಹುದು. ಇವರಿಗೆ ಎಲ್ಲ ಗೊತ್ತಿತ್ತು. ತಮ್ಮ ಹೊಟ್ಟೆ ಹೊಟ್ಟೆ, ಜಗಲಿಯ ಮೇಲಿನವರದ್ದು ಗ್ಯಾಸಿನ ಚೀಲ.

ಅವರು ಮುಟ್ಟುತ್ತಿದ್ದದ್ದು ತಲೆಯನ್ನು. ಚೀಟಿ ಕೊಟ್ಟಾದ ಮೇಲೆ ರೋಗಿ ಬಗ್ಗಿದರೆ ಬಲಗೈಯನ್ನು ತಲೆಯ ಮೇಲಿಟ್ಟು "ಏನಾಗಲ್ಲ ಹೋಗು" ಅನ್ನುತ್ತಿದ್ದರು. ಜನ ಅದಕ್ಕೇ ಕೈಗುಣ ಅನ್ನುತ್ತಿದ್ದದ್ದು. ಆ ಕೈ ಮೆತ್ತಗಿತ್ತು, ಬೆಚ್ಚಗಿತ್ತು. ಹೊಟ್ಟೆ ನೋಡುವುದಕ್ಕೆ ಹೇಳಿ ಮಾಡಿಸಿದ ಕೈ. ತಲೆ ಸವರಿ ಸವರಿಯೇ ಹಾಳಾಯಿತು.

ಇನ್ನೊಂದು ವಿಷಯ ಅವರ ಬಾಯಲ್ಲಿ ಎಂದೂ ಬಂದದ್ದಿಲ್ಲ. ಹೊರಕಡೆಗೆ ಹೇಗೆ ಹೋಗುತ್ತದೆ ಎಂಬ ಪ್ರಶ್ನೆ. ಗಟ್ಟಿಯೋ ತೆಳುವೋ, ರಕ್ತವಿದೆಯೋ, ಬಣ್ಣ ಯಾವುದು ಅಂತ ಕೇಳದೆ ಹೊಟ್ಟೆಯ ಕಾಯಿಲೆ ಹೇಳುವುದು ಹೇಗೆ? ಇವರಿಗೆ ಅದು ಅಸಹ್ಯ. ನಾನು ಕೇಳಿದರೆ ಮೂಗಿಗೆ ಕರವಸ್ತ್ರ ಹಿಡಿಯುತ್ತಿದ್ದರು, ಮಾತಿಗೇ ವಾಸನೆ ಬಂದ ಹಾಗೆ. ರೋಗಿಗಳೂ ಹೇಳುವವರಲ್ಲ. ಗಂಡನ ಎದುರು ಹೆಂಡತಿ ಹೇಳುವುದಿಲ್ಲ, ಸೊಸೆಯ ಎದುರು ಮಾವ ಹೇಳುವುದಿಲ್ಲ. ಹೇಳಿದರೂ ಕರ್ರಗೆ ಹೋಗುತ್ತದೆ ಅಂದವರಿಗೆ ನಮ್ಮ ಕಡೆ ಸಿದ್ಧವಾದ ಉತ್ತರ ಒಂದಿದೆ: ಮುದ್ದೆ. ರಾಗಿ ತಿನ್ನುವವರದ್ದು ಕಪ್ಪಗೇ ಇರುತ್ತದೆ ಅಂತ ಹಾಸನದಿಂದ ಹೊಳೆನರಸೀಪುರದವರೆಗೂ ಎಲ್ಲರೂ ಬಲ್ಲರು. ಅದು ಅರ್ಧ ನಿಜ. ರಾಗಿ ತಿಂದರೆ ಬಣ್ಣ ಗಾಢವಾಗುತ್ತದೆ. ಆದರೆ ಡಾಂಬರಿನ ಹಾಗೆ ಹೊಳೆಯುವುದಿಲ್ಲ, ಅಂಟುವುದಿಲ್ಲ, ಆ ಕೆಟ್ಟ ನಾತ ಬರುವುದಿಲ್ಲ. ಹಾಗೆ ಬಂದರೆ ಒಳಗೆ ಎಲ್ಲೋ ರಕ್ತ ಸೋರುತ್ತಿದೆ ಅಂತ ಅರ್ಥ. ಇಷ್ಟು ತಿಳಿಯಲು ಕೇಳಬೇಕಾದದ್ದು ಎರಡೇ ಪ್ರಶ್ನೆ.

ಸಣ್ಣತಾಯಮ್ಮ ಬಂದದ್ದು ಆಲೂಗೆಡ್ಡೆ ಕೀಳುವ ಕಾಲದಲ್ಲಿ. ಕಟ್ಟಾಯದ ಕಡೆಯವಳು. ತಮ್ಮದೊಂದು ತುಂಡು ಹೊಲ, ಉಳಿದ ದಿನ ಬೇರೆಯವರ ಹೊಲದಲ್ಲಿ ಕೂಲಿ. ಕುಕ್ಕರಗಾಲಿನಲ್ಲಿ ಕೂತೂ ಕೂತೂ ಅವಳ ಮಂಡಿ ಹೋಗಿತ್ತು. ನಮ್ಮ ಡಾಕ್ಟರು ತಿಂಗಳುಗಟ್ಟಲೆ ನೋವಿನ ಮಾತ್ರೆ ಬರೆದು ಕೊಟ್ಟಿದ್ದರು. ದಿನಾ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಿ ಹೊಲಕ್ಕೆ ಹೋಗುತ್ತಿದ್ದಳು. ಆಮೇಲೆ ಹೊಟ್ಟೆ ಉರಿ ಶುರುವಾಯಿತು. ಅದಕ್ಕೆ ಗ್ಯಾಸಿನ ಇಂಜೆಕ್ಷನ್ನು. ಉರಿ ಹೋಗಲಿಲ್ಲ, ಮಾತ್ರೆ ನಿಲ್ಲಲಿಲ್ಲ.

ಆವತ್ತು ಅವಳು ಗಂಡನ ಭುಜ ಹಿಡಿದುಕೊಂಡು ಒಳಗೆ ಬಂದಳು. ಮುಖದಲ್ಲಿ ರಕ್ತವಿರಲಿಲ್ಲ. ಇವರು ಎಂದಿನಂತೆ "ರಾತ್ರಿ ಏನುಂಡೆ" ಅಂದರು, ಅವಳು ಮುದ್ದೆ ಹುರುಳಿ ಸಾರು ಅಂದಳು, ತೀರ್ಪು ಆಯಿತು. ಇಂಜೆಕ್ಷನ್ ಹಾಕಿಸಿಕೊಳ್ಳಲು ಅವಳು ನನ್ನ ಕಡೆಯ ಕೋಣೆಗೆ ಬಂದಾಗ ನಾನು ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದೆ. ಒಳಗೆ ಬಿಳಿಚಿಕೊಂಡಿತ್ತು. ನಾಡಿ ಓಡುತ್ತಿತ್ತು. ಗಂಡನನ್ನು ಆಚೆಗೆ ಕಳಿಸಿ ಬಾಗಿಲು ಹಾಕಿದೆ.

"ಹೊರಕಡೆಗೆ ಹೆಂಗೆ ಹೋಗುತ್ತಮ್ಮ? ಬಣ್ಣ?"

ಅವಳು ಸೆರಗು ಬಾಯಿಗೆ ಹಿಡಿದಳು. "ಥೂ, ಅದ್ನೆಲ್ಲ ಯಾಕವ್ವ ಕೇಳೀರಿ?"

"ಹೇಳು. ನಿನ್ನ ಜೀವದ ವಿಷಯ."

"ಕರ್ರಗೆ ಓಯ್ತದೆ ಕಣವ್ವ. ಮುದ್ದೆ ತಿನ್ನೋ ಜನ, ಇನ್ನೆಂಗೆ ಓದಾತು?"

"ಮೊದಲಿನಿಂದಲೂ ಹೀಗೇನಾ? ನೀರು ಹಾಕಿದರೆ ಹೋಗುತ್ತೋ, ಅಂಟ್ಕೊಳ್ಳುತ್ತೋ?"

ಅವಳು ಯೋಚಿಸಿದಳು. "ಈಗೊಂದ್ ವಾರ್‍ದಿಂದ ಅಂಟ್ಕತದೆ. ರೋಡಿಗಾಕೋ ಟಾರ್ ಇದ್ದಂಗೆ. ಅದೇನ್ ನಾತ ಅಂತೀರಿ, ನಂಗೇ ತಡಿಯಾಕಾಗಕಿಲ್ಲ."

ನಾನು ಸೀದಾ ಅವರ ಮೇಜಿನ ಹತ್ತಿರ ಹೋಗಿ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತಿದೆ, ನೋವಿನ ಮಾತ್ರೆ ನಿಲ್ಲಿಸಬೇಕು, ಈಗಲೇ ಹಾಸನಕ್ಕೆ ಕಳಿಸಬೇಕು ಅಂದೆ. ಬಣ್ಣವನ್ನೂ ಹೇಳಿದೆ. ಕೋಣೆಯಲ್ಲಿ ನಾಲ್ಕಾರು ಜನ ಕೂತಿದ್ದರು. ಇವರು ಕುರ್ಚಿಗೆ ಒರಗಿ, ಎಲ್ಲರಿಗೂ ಕೇಳುವ ಹಾಗೆ, "ಏನ್ ಡಾಕ್ಟ್ರೇ, ನೀವು ಓದಿರೋದು ಹೊಟ್ಟೆನೋ ಕಕ್ಕಸೋ? ಮುದ್ದೆ ತಿನ್ನೋರು ಬೆಳ್ಳಗೆ ಹೋಗ್ತಾರೇನ್ರೀ?" ಅಂದರು. ಜನ ನಕ್ಕರು. ಅವಳ ಗಂಡನೂ ನಕ್ಕ.

"ಸಾರ್, ನೀವೇ ಒಂದು ಸಲ ಹೊಟ್ಟೆ ಮುಟ್ಟಿ ನೋಡಿ" ಅಂದೆ.

"ನೋಡೋದೇನಿದೆ?" ಅಂದರು.

ಆ ಮಾತು ಮುಗಿಯುವಷ್ಟರಲ್ಲಿ, ನನ್ನ ಹಿಂದೆಯೇ ಎದ್ದುಬಂದಿದ್ದ ಸಣ್ಣತಾಯಮ್ಮ ಬಾಗಿಲ ಹತ್ತಿರ ಕುಸಿದಳು. ಕೂತಲ್ಲೇ ವಾಂತಿ ಮಾಡಿಕೊಂಡಳು. ಕಾಫಿ ಗಸಿಯಂಥ ಕಪ್ಪು, ಅದರ ಹಿಂದೆಯೇ ಕೆಂಪು. ಇವರು ಎದ್ದರು, ಎದ್ದು ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಶೂ ನೋಡಿಕೊಂಡರು. ನಾನು ಅವಳನ್ನು ಪಕ್ಕಕ್ಕೆ ಹೊರಳಿಸಿ, ನರ್ಸಮ್ಮನನ್ನು ಕರೆದು ಎರಡೂ ಕೈಗೆ ಸಲೈನು ಹಾಕುತ್ತಿರುವಾಗ ಮೇಲಿನಿಂದ ಆ ತಣ್ಣನೆಯ ದನಿ ಕೇಳಿಸಿತು: "ನಾನು ಆಗ್ಲೇ ಅಂದ್ಕೊಂಡೆ. ತಡ ಮಾಡ್ಬೇಡಿ, ಹಾಸನಕ್ಕೆ ಕರ್ಕೊಂಡ್ ಹೋಗಿ." ಆಂಬುಲೆನ್ಸಿಗೆ ಎತ್ತುವಾಗ ಹತ್ತಿರ ಬಂದು ಅವಳ ತಲೆಯ ಮೇಲೆ ಕೈಯಿಟ್ಟು, "ಏನಾಗಲ್ಲ ಹೋಗು" ಅಂದರು.

ಹಾಸನದವರೆಗೂ ಸಲೈನಿನ ಬಾಟಲು ಹಿಡಿದುಕೊಂಡು ಕೂತವಳು ನಾನು. ಅವಳ ಕೈ ಐಸಿನ ಹಾಗಿತ್ತು. ದಾರಿಯುದ್ದಕ್ಕೂ ಅವಳು ಸಾಯುತ್ತಾಳೆ ಅಂತ ನನಗೆ ಭಯ, ಬದುಕಲಿ ಅಂತ ಆಸೆ. ಬದುಕಿದಳು. ದೊಡ್ಡಾಸ್ಪತ್ರೆಯಲ್ಲಿ ರಕ್ತ ಕೊಟ್ಟರು, ಕೊಳವೆ ಬಿಟ್ಟು ನೋಡಿದರು, ಹುಣ್ಣಿನಿಂದ ಹರಿಯುತ್ತಿದ್ದ ರಕ್ತ ನಿಲ್ಲಿಸಿದರು. ನೋವಿನ ಮಾತ್ರೆಯನ್ನು ಇನ್ನು ಜನ್ಮದಲ್ಲಿ ಮುಟ್ಟಬೇಡ ಅಂತ ನನ್ನೆದುರೇ ಹೇಳಿ ಕಳಿಸಿದರು.

ಗುಣವಾದ ಮೇಲೆ ಅವಳು ಗಂಡನ ಜೊತೆ ನಮ್ಮ ನರ್ಸಿಂಗ್ ಹೋಮಿಗೆ ಬಂದಳು. ಕೈಯಲ್ಲೊಂದು ನಾಟಿ ಕೋಳಿ. ನನ್ನನ್ನು ದಾಟಿ ಒಳಗೆ ಹೋಗಿ ಅವರ ಕಾಲಿಗೆ ಬಿದ್ದಳು. "ನಿಮ್ ಕೈ ತಲೆ ಮ್ಯಾಲೆ ಬಿದ್ದಿದ್ಕೇ ಉಳ್ಕಂಡೆ ಸ್ವಾಮಿ." ಅವರು ಅಲ್ಲಗಳೆಯಲಿಲ್ಲ. ಕಣ್ಣು ಮುಚ್ಚಿ ತಲೆದೂಗಿದರು, ದೇವರ ಪರವಾಗಿ ಒಪ್ಪಿಕೊಂಡ ಹಾಗೆ. ಬಾಗಿಲಲ್ಲಿ ನಿಂತಿದ್ದ ನನಗೆ ಇನ್ನು ಇಲ್ಲಿ ಇರಲು ಸಾಧ್ಯವಿಲ್ಲ ಅನ್ನಿಸಿತು.

ಬಿಟ್ಟು ಹೊರಡುತ್ತೇನೆ ಅಂದ ದಿನ ಮಧ್ಯಾಹ್ನ ಅವರು ನನ್ನನ್ನು ಕೂರಿಸಿಕೊಂಡರು. ರೋಗಿಗಳು ಇರಲಿಲ್ಲ. ಬಾಳೆಹಣ್ಣು ಸುಲಿಯುತ್ತಾ, "ಮುಟ್ಟಿದ್ರೆ ಏನಾದ್ರೂ ಸಿಗ್ತದೆ ಕಣಮ್ಮ" ಅಂದರು. "ಸಿಕ್ಕಿದ್ರೆ ಹೇಳ್ಬೇಕು. ಹೇಳಿದ್ರೆ ಅಳ್ತಾರೆ. ನನ್ನ ಎದುರು ಯಾರಾದ್ರೂ ಅತ್ರೆ ನಂಗಾಗಲ್ಲ. ನಂತಾವ ಬಂದೋರು ನಗ್ತಾ ಹೋಗ್ಬೇಕು." ಆ ಎರಡು ವರ್ಷದಲ್ಲಿ ಅವರು ಆಡಿದ ಒಂದೇ ನಿಜವಾದ ಮಾತು ಅದು. ಸ್ವಲ್ಪ ಹೊತ್ತು ನನಗೂ ಆ ಮನುಷ್ಯ ಪಾಪ ಅನ್ನಿಸಿತು. ಆಮೇಲೆ ಯೋಚಿಸಿದೆ: ಅಳುವುದು ತಪ್ಪಿತೇ? ಇಲ್ಲ. ಇವರೆದುರು ನಕ್ಕು ಹೋದವರು ಮನೆಗೆ ಹೋಗಿ ಅತ್ತರು, ಇವರಿಗೆ ಕಾಣಿಸಲಿಲ್ಲ, ಅಷ್ಟೇ. ಪುಕ್ಕಲುತನಕ್ಕೆ ಕರುಣೆಯ ಹೆಸರಿಟ್ಟುಕೊಂಡಿದ್ದರು. ಪಾಪ ಅನ್ನಿಸಿದ್ದನ್ನು ವಾಪಸು ತೆಗೆದುಕೊಂಡು ನಾನು ಹಾಸನಕ್ಕೆ ಬಂದೆ. ಇದಾಗಿ ಏಳೆಂಟು ವರ್ಷವಾಯಿತು.

ಅವರು ವಯಸ್ಸಾಗಿ, ನಿದ್ದೆಯಲ್ಲೇ, ಯಾವ ನೋವೂ ಇಲ್ಲದೆ ಹೋದರಂತೆ. ಹೊಟ್ಟೆಯಂತೂ ಕೊನೆಯವರೆಗೂ ಚೆನ್ನಾಗಿತ್ತು. ಅದನ್ನು ನೋಡಿಕೊಂಡವರು ಬೆಂಗಳೂರಿನವರಲ್ಲವೇ.

ಹನ್ನೊಂದನೆಯ ದಿನದ ತಿಥಿಗೆ ಕರೆ ಬಂತು, ಹೋದೆ. ನಮ್ಮ ಕಡೆ ತಿಥಿಗೆ ಕರೆದರೆ ಹೋಗದಿರುವ ಹಾಗಿಲ್ಲ. ಸಮುದಾಯ ಭವನ ತುಂಬಿತ್ತು. ವೇದಿಕೆಯ ಮೇಲೆ ಅದೇ ಫ್ಲೆಕ್ಸಿನ ದೊಡ್ಡಣ್ಣ, ಅದಕ್ಕೆ ಆಳೆತ್ತರದ ಹಾರ. ಒಬ್ಬರಾದ ಮೇಲೊಬ್ಬರು ಮೈಕು ಹಿಡಿದು, ಸ್ಕ್ಯಾನಿಲ್ಲದೆ ಕಾಯಿಲೆ ಹೇಳುತ್ತಿದ್ದರು, ಮುಟ್ಟದೆ ವಾಸಿ ಮಾಡುತ್ತಿದ್ದರು ಅಂತ ಹೊಗಳಿದರು. ನನ್ನನ್ನೂ ಕರೆದರು. ಗಂಟಲು ಸರಿಯಿಲ್ಲ ಅಂದೆ. ಊಟದ ಸಾಲಿನಲ್ಲಿ ಕೂತೆ. ಸಾವಿನ ಮನೆಯ ಮೇಲೆ ಸಿಟ್ಟಿದ್ದರೂ ಮುದ್ದೆ ಮಟನ್ ಸಾರಿನ ಮೇಲೆ ನನಗೇನೂ ಸಿಟ್ಟಿರಲಿಲ್ಲ.

ಎದುರು ಸಾಲಿನಲ್ಲಿ ಬಡಿಸುವವನು ಒಬ್ಬ ಹೆಂಗಸಿನ ಎಲೆಗೆ ಮುದ್ದೆ ಹಾಕಲು ಬಗ್ಗಿದ. ಅವಳು ಎರಡೂ ಕೈ ಅಡ್ಡ ಹಿಡಿದಳು.

"ಬ್ಯಾಡ ಕಣಪ್ಪ. ನಾನು ಮುದ್ದೆ ಬುಟ್ಟು ಬೋ ದಿನ ಆಯ್ತು. ಅನ್ನ ಆಕು."

ಹೊಲದಲ್ಲಿ ದುಡಿಯುವ ಹೆಂಗಸು ಮುದ್ದೆ ಬೇಡ ಅನ್ನುವುದನ್ನು ಈ ಸೀಮೆಯಲ್ಲಿ ಯಾರೂ ಕೇಳಿರಲಾರರು. ತಲೆಯೆತ್ತಿ ನೋಡಿದೆ. ಸಣ್ಣತಾಯಮ್ಮ. ಕೂದಲು ಬಿಳಿಯಾಗಿತ್ತು, ಮುಖ ಅದಕ್ಕಿಂತ ಬಿಳಿಯಾಗಿತ್ತು. ಊಟ ಮುಗಿಸಿ ಸೆರಗಿನ ಗಂಟು ಬಿಚ್ಚಿದಳು. ಅದರೊಳಗಿಂದ ಮಾತ್ರೆಯ ಹಾಳೆ ತೆಗೆದು, ಒಂದನ್ನು ಒತ್ತಿ, ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಹಾಳೆಯ ಬಣ್ಣ ದೂರದಿಂದಲೇ ಗುರುತು ಸಿಕ್ಕಿತು. ನಾನು ಎಲೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದೆ.

"ಏ, ಡಾಕ್ಟ್ರವ್ವ! ಚಂದಾಗಿದ್ದೀರಾ?" ಅಂದಳು. ಗುರುತು ಹಿಡಿದಿದ್ದಳು.

"ಅದೇನು ನುಂಗಿದ್ದು?"

"ಮಂಡೀದು ಕಣವ್ವ. ಸ್ವಾಮೇರು ಬರ್ಕೊಟ್ಟಿದ್ದೇಯ. ಖಾಲಿ ಹಾಳೆ ತೋರ್ಸಿದ್ರೆ ಅಂಗ್ಡೀಲಿ ಕೊಡ್ತಾರೆ."

"ಹಾಸನದಲ್ಲಿ ಇದನ್ನ ಮುಟ್ಟಬಾರದು ಅಂದಿದ್ರಲ್ಲಮ್ಮ. ನಾನೂ ಅಲ್ಲೇ ಇದ್ದೆ."

"ಅಂದಿದ್ರು. ಅದ್ಕೇ ಸ್ವಾಮೇರ್‍ನ ಕೇಳ್ದೆ. ಹಾಸನ್‍ದೋರು ಅಂಗೇ ಅಂತಾರೆ, ನೋವಿದ್ರೆ ತಗೋ, ಮುದ್ದೆ ಮಾತ್ರ ಬುಟ್ಬುಡು, ನಿಂಗೆ ಒಟ್ಟೆ ಕೆಟ್ಟಿದ್ದೇ ಅದ್ರಿಂದ ಅಂದ್ರು. ಅವತ್ತಿಂದ ಮುದ್ದೆ ಬಾಯಿಗಿಟ್ಟಿಲ್ಲ ಕಣವ್ವ. ಅವ್ರ ಮಾತು ಮೀರಿಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹುಟ್ಟಿದಾಗಿನಿಂದ ಅವಳನ್ನು ಸಾಕಿದ ಮುದ್ದೆಯನ್ನು ಕಿತ್ತುಕೊಂಡು, ಅವಳನ್ನು ಕೊಲ್ಲಲು ಹೋಗಿದ್ದ ಮಾತ್ರೆಯನ್ನು ಸೆರಗಿಗೆ ಕಟ್ಟಿ ಕಳಿಸಿದ್ದರು. ನನಗೆ ಮೈಯೆಲ್ಲ ಉರಿಯಿತು. ಇಷ್ಟೂ ವರ್ಷ ಅವಳು ಹೇಗೆ ಉಳಿದಳೋ ಗೊತ್ತಿಲ್ಲ. ಅಕ್ಕಪಕ್ಕದವರಿಗೆ ಕೇಳಿದರೂ ಕೇಳಲಿ ಅಂತ ಆ ಹಳೆಯ ಪ್ರಶ್ನೆಯನ್ನೇ ಕೇಳಿದೆ.

"ಹೊರಕಡೆಗೆ ಹೆಂಗೆ ಹೋಗುತ್ತೆ ಈಗ?"

ಅವಳು ಸುತ್ತ ನೋಡಿ ನನ್ನ ಕಿವಿಯ ಹತ್ತಿರ ಬಂದಳು. "ಅದೇ ಕಣವ್ವ ನಂಗೂ ಗ್ಯಾನ. ಮುದ್ದೆ ಬುಟ್ರೂ ನಾಕೈದ್ ದಿನದಿಂದ ಕರ್ರಗೇ ಓಯ್ತದೆ. ಯಾಕೋ ಕಾಣೆ. ಸ್ವಾಮೇರ್‍ನ ಕೇಳಣ ಅಂದ್ರೆ, ಅವ್ರೇ ಇಲ್ವಲ್ಲ."

ವೇದಿಕೆಯ ಕೆಳಗೆ, ಭಾಷಣ ಕೇಳುವವರಿಗೆ ಹಾಕಿದ್ದ ಉದ್ದನೆಯ ಬೆಂಚೊಂದು ಖಾಲಿಯಿತ್ತು. ಅವಳನ್ನು ರಟ್ಟೆ ಹಿಡಿದು ಕರೆದುಕೊಂಡು ಹೋಗಿ ಅದರ ಮೇಲೆ ಮಲಗಿಸಿದೆ. ಜನ ಊಟ ಬಿಟ್ಟು ಎದ್ದುಬಂದರು, ಅವರ ನಡುವೆ ಅವಳ ಗಂಡನೂ. ಯಾರೋ ಹೆಂಗಸು "ಅಯ್ಯೋ, ಮನಗಿಸ್ಬುಟ್ರು" ಅಂತ ಸಣ್ಣಗೆ ಶುರು ಮಾಡಿದಳು. ಮೇಲಿನಿಂದ ಫ್ಲೆಕ್ಸು ನಗುತ್ತಲೇ ಇತ್ತು. ನಾನು ಅಂಗೈ ಎರಡನ್ನೂ ಉಜ್ಜಿ ಬೆಚ್ಚಗೆ ಮಾಡಿಕೊಂಡೆ. ಕೆಳಹೊಟ್ಟೆಯಿಂದ ಶುರುಮಾಡಿ, ನಿಧಾನವಾಗಿ ಮೇಲಕ್ಕೆ ಬರುತ್ತಾ, ಕಣ್ಣನ್ನು ಅವಳ ಮುಖದ ಮೇಲೆ ನೆಟ್ಟೆ. ಎದೆಗೂಡಿನ ಕೆಳಗೆ ನಡುವಿಗೆ ಬಂದಾಗ ಅವಳ ಹುಬ್ಬು ಗಂಟಾಯಿತು, ಕೈ ಬಂದು ನನ್ನ ಕೈಯನ್ನು ಹಿಡಿದುಕೊಂಡಿತು. ಆ ಕೈ ಅವತ್ತಿನ ಹಾಗೆಯೇ ತಣ್ಣಗಿತ್ತು.

"ಇಲ್ಲೇ ತಾನೆ?" ಅಂದೆ, ನನ್ನ ಕಾರಿನ ಬೀಗದ ಕೈಯನ್ನು ಅವಳ ಗಂಡನ ಕಡೆ ಎಸೆಯುತ್ತಾ. "ಹಿಂದಿನ ಬಾಗಿಲು ತೆಗೀರಿ, ಈಗಲೇ ಹಾಸನಕ್ಕೆ."

"ಅಲ್ಲೇ ಕಣವ್ವ" ಅಂದಳು ಸಣ್ಣತಾಯಮ್ಮ. ಅವಳ ಕಣ್ಣು ನನ್ನನ್ನು ದಾಟಿ ಮೇಲಿನ ಫೋಟೋದ ಕಡೆ ಹೋಯಿತು, ನೀರು ತುಂಬಿಕೊಂಡಿತು. "ಸ್ವಾಮೇರಿದ್ದಿದ್ರೆ ಇಂಗೆಲ್ಲ ಮುಟ್ತಾನೇ ಇರ್ಲಿಲ್ಲ. ಕುಂತಲ್ಲೇ ಕಾಯ್ಲೆ ಏಳ್ಬುಡೋರು."